ಪುರವಣಿಯ ಖರ್ಚು ಕಂಪನಿ ಕೊಟ್ಟರೆ ಸಂಪಾದಕರು ಏನನ್ನು ಬಿಟ್ಟುಕೊಡಬಾರದು?

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆ ಮತ್ತು ಸುತ್ತಲಿನ ಮಲೆನಾಡಿನ ಕೆಲವು ವೈದ್ಯರು ಸೇರಿ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ವೈದ್ಯಕೀಯ ಜರ್ನಲ್ ತರುತ್ತೇವೆ. ಸದಸ್ಯರ ಚಂದಾ ಬಿಟ್ಟರೆ ಬೇರೆ ಆದಾಯ ಇಲ್ಲ. ಹಾವು ಕಡಿತದ ಚಿಕಿತ್ಸೆ ಕುರಿತು 64 ಪುಟಗಳ ಪುರವಣಿ ತರೋಣ ಎಂದು ಪ್ರತಿವಿಷ ಮಾರುವ ಕಂಪನಿಯೊಂದು ಮುಂದೆ ಬಂದಿದೆ. ಖರ್ಚೆಲ್ಲ ಅವರದು. ಅತಿಥಿ ಸಂಪಾದಕರನ್ನು ಅವರೇ ಸೂಚಿಸುತ್ತಾರಂತೆ. ಬರೆಯಲು ಸಮಯ ಇಲ್ಲದ ವೈದ್ಯರಿಗೆ ಲೇಖನ "ಬರೆಸಿಕೊಡುತ್ತೇವೆ" ಎಂದಿದ್ದಾರೆ. ಅಚ್ಚಾದ ಮೇಲೆ ಸಾವಿರ ಪ್ರತಿ ಕೊಳ್ಳುತ್ತಾರಂತೆ. ಮಳೆಗಾಲಕ್ಕೆ ಮುಂಚೆ ಬರಬೇಕು ಎನ್ನುವುದು ಅವರ ಷರತ್ತು. ಒಪ್ಪಬಹುದೇ? ಪುರವಣಿಗೂ ಪೀರ್ ರಿವ್ಯೂ ಬೇಕೇ?
— ಸಾಗರದ ಒಬ್ಬ ವೈದ್ಯರು

ಉತ್ತರ:

ಡಾಕ್ಟ್ರೇ, ದುಡ್ಡು ತೆಗೆದುಕೊಳ್ಳಬಹುದು. ಆದರೆ ಅವರು ಹೇಳಿದ ಷರತ್ತಿನ ಮೇಲೆ ಬೇಡ. ಅತಿಥಿ ಸಂಪಾದಕರ ಹೆಸರು ಅವರ ಕಡೆಯಿಂದ ಬರಬಾರದು. ಲೇಖನವನ್ನು ಅವರು ಬರೆಸಬಾರದು. ಸಾವಿರ ಪ್ರತಿಯ ಮಾತು ಈಗಲೇ ಆಗಬಾರದು. ಪೀರ್ ರಿವ್ಯೂ, ಅಂದರೆ ಅಚ್ಚಾಗುವ ಮುಂಚೆ ವಿಷಯ ಬಲ್ಲ ಬೇರೆಯವರಿಂದ ಲೇಖನದ ಪರಿಶೀಲನೆ, ಬೇಕೇ ಬೇಕು. ಇಷ್ಟಕ್ಕೆ ಅವರು ಒಪ್ಪಿದರೆ ಮುಂದುವರಿಯಿರಿ. ಇದರಲ್ಲಿ ಒಂದಕ್ಕೆ ಒಪ್ಪದಿದ್ದರೂ ಬಿಟ್ಟುಬಿಡಿ.

ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. "ತಾನಾಗಿ ಬರುವ ದುಡ್ಡನ್ನು ಯಾಕೆ ಸುಮ್ನೆ ಬಿಡಬೇಕು" ಎಂದು ಕೇಳುವವರು ನಿಮ್ಮ ಸಮಿತಿಯಲ್ಲೂ ಇರುತ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಕಾಗದ, ಅಚ್ಚು, ಅಂಚೆ ಯಾವುದೂ ಅಗ್ಗವಲ್ಲ. ಬರೀ ಚಂದಾ ಹಣದಲ್ಲಿ ಜರ್ನಲ್ ನಡೆಸುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಅವರಿಗೆ ಗಟ್ಟಿಯಾದ ಉತ್ತರ ಕೊಡಬೇಕು, ಬರೀ ನೀತಿಯ ಮಾತು ಸಾಲದು.

ಪ್ರಾಯೋಜಿತ ಪುರವಣಿಗಳ ಬಗ್ಗೆ ಅನುಮಾನ ಇವತ್ತಿನದಲ್ಲ. 1992ರಲ್ಲಿ ಲೀಸಾ ಬೆರೊ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1966ರಿಂದ 1989ರವರೆಗೆ 58 ಜರ್ನಲ್‌ಗಳಲ್ಲಿ ಬಂದ 625 ವಿಚಾರ ಸಂಕಿರಣಗಳ ಸಂಗ್ರಹಗಳನ್ನು ಅವರು ನೋಡಿದ್ದರು. ಶೇ. 42ರಷ್ಟಕ್ಕೆ ದುಡ್ಡು ಕೊಟ್ಟದ್ದು ಒಂದೇ ಔಷಧ ಕಂಪನಿ. ಹೀಗೆ ಒಬ್ಬರೇ ದುಡ್ಡು ಕೊಟ್ಟ ಸಂಗ್ರಹಗಳಲ್ಲಿ ದಾರಿ ತಪ್ಪಿಸುವ ಶೀರ್ಷಿಕೆ ಜಾಸ್ತಿ, ಔಷಧದ ಬ್ರ್ಯಾಂಡ್ ಹೆಸರಿನ ಬಳಕೆ ಜಾಸ್ತಿ, ಪೀರ್ ರಿವ್ಯೂ ಕಡಿಮೆ. ಎರಡು ವರ್ಷದ ನಂತರ, 1994ರಲ್ಲಿ, ಪೌಲಾ ರೋಷನ್ ಅವರ ತಂಡ ಜಾಮಾ ಪತ್ರಿಕೆಯಲ್ಲಿ ಇನ್ನೊಂದು ಹೋಲಿಕೆ ಮಾಡಿತು. ಒಂದೇ ಜರ್ನಲ್‌ನ ಮಾಮೂಲಿ ಸಂಚಿಕೆಯಲ್ಲಿ ಬಂದ ಟ್ರಯಲ್‌ಗಳನ್ನೂ (ರೋಗಿಗಳಲ್ಲಿ ಔಷಧವನ್ನು ಪರೀಕ್ಷಿಸಿ ನೋಡಿದ ಅಧ್ಯಯನ) ಅದರ ಪುರವಣಿಯಲ್ಲಿ ಬಂದ ಟ್ರಯಲ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಪುರವಣಿಯವು ಗುಣಮಟ್ಟದಲ್ಲಿ ಕೆಳಗಿದ್ದವು. ಹೆಸರು ಒಂದೇ, ಮುಖಪುಟವೂ ಒಂದೇ ಥರ, ಒಳಗಿನ ಸರಕು ಮಾತ್ರ ಬೇರೆ.

ನಿಮ್ಮ ಸಮಿತಿಗೆ ತೋರಿಸಬೇಕಾದ ಸಂಖ್ಯೆ 1996ರದ್ದು. ಮಿಲ್ಡ್ರೆಡ್ ಚೋ ಮತ್ತು ಬೆರೊ ಅವರು ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ದು. ಕಂಪನಿಯ ನೆರವಿದ್ದ 40 ಲೇಖನಗಳಲ್ಲಿ 39 ಆಯಾ ಔಷಧದ ಪರವಾಗಿಯೇ ಇದ್ದವು, ಅಂದರೆ ಶೇ. 98. ನೆರವಿಲ್ಲದ 112 ಲೇಖನಗಳಲ್ಲಿ ಹಾಗಿದ್ದದ್ದು 89, ಶೇ. 79. ಆ 39 ಲೇಖನ ಬರೆದವರು ಸುಳ್ಳು ಬರೆದರು ಎಂದು ಇದರ ಅರ್ಥವಲ್ಲ. ಹಾಗೆ ತಿಳಿದರೆ ವಿಷಯವೇ ತಪ್ಪಿಹೋಗುತ್ತದೆ. ಬಹುಪಾಲು ವೈದ್ಯರು ಪ್ರಾಮಾಣಿಕರು. ಯಾವ ವಿಷಯ ಬರೆಸಬೇಕು, ಯಾರಿಂದ ಬರೆಸಬೇಕು, ಯಾವ ಪ್ರಶ್ನೆ ಕೇಳಲೇಬಾರದು ಎನ್ನುವುದು ಬರೆಯುವವರ ಕೈಗೆ ಪೆನ್ನು ಬರುವ ಮೊದಲೇ ತೀರ್ಮಾನ ಆಗಿರುತ್ತದೆ. ವಾಲುವುದು ಅಲ್ಲೇ.

ನಿಮ್ಮ ಪುರವಣಿಯನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳ ವಿಷದ ವಿರುದ್ಧ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಬಯಲುಸೀಮೆಗೆ ಇದು ಬಹುಮಟ್ಟಿಗೆ ಸಾಕಾಗಬಹುದು. ಆದರೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಅಡಿಕೆ ತೋಟದಲ್ಲಿ, ಕಾಫಿ ಗಿಡದ ಬುಡದಲ್ಲಿ ಕಡಿಯುವ ಹಾವು ಎಷ್ಟೋ ಸಲ ಗುಳಿಮಂಡಲ. ಸಣ್ಣ ಹಾವು, ಒಣಗಿದ ಎಲೆಯ ಬಣ್ಣ, ಕಣ್ಣಿಗೆ ಬೀಳುವುದೇ ಇಲ್ಲ. ಗುಳಿಮಂಡಲದ ವಿಷಕ್ಕೆ ಈ ಪ್ರತಿವಿಷ ಕೆಲಸ ಮಾಡುವುದಿಲ್ಲ. ಅದರಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್ ಎನ್ನುವ ಜಾತಿ ಕಡಿದು ಕಿಡ್ನಿ ಕೆಟ್ಟ ವರದಿಗಳು ಕೇರಳದಿಂದ ಬಂದಿವೆ. ಆಗುಂಬೆಯ ಹೆಸರಿನ ಜೊತೆ ಸೇರಿಹೋಗಿರುವ ಕಾಳಿಂಗ ಸರ್ಪದ ವಿಷವೂ ಈ ನಾಲ್ಕರಲ್ಲಿ ಸೇರಿಲ್ಲ. ಹಾಗಾಗಿ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೀರಾ ಬೇಕಾದ ಲೇಖನ ಯಾವುದು? ಪ್ರತಿವಿಷ ಯಾವಾಗ ಕೊಡಬಾರದು ಎನ್ನುವುದು. ಊತ ಮಾತ್ರ ಇದೆ, 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿದೆ, ರೋಗಿ ಹಾವಿನ ಫೋಟೋ ತಂದಿದ್ದಾನೆ, ಅದು ಗುಳಿಮಂಡಲ. ಆಗ ಪ್ರತಿವಿಷವನ್ನು ವಯಲ್ (ಸಣ್ಣ ಶೀಶೆ) ಮೇಲೆ ವಯಲ್ ಏರಿಸಿದರೆ ಲಾಭವಿಲ್ಲ, ರಿಯಾಕ್ಷನ್‌ನ, ಅಂದರೆ ಪ್ರತಿವಿಷವೇ ಮೈಗೆ ಒಗ್ಗದೆ ಆಗುವ ತೊಂದರೆಯ, ಅಪಾಯ ಮಾತ್ರ ಉಳಿಯುತ್ತದೆ.

ಪ್ರತಿವಿಷ ಮಾರುವ ಕಂಪನಿ ತಾನಾಗಿ ಈ ವಿಷಯ ಸೂಚಿಸುತ್ತದೆಯೇ? ಎಷ್ಟು ವಯಲ್ ಸಾಕು, ಕಡಿಮೆ ಡೋಸ್‌ನಲ್ಲಿ ಆಗುತ್ತದೆಯೇ ಎಂಬ ಚರ್ಚೆಯನ್ನು ಕೇಳುತ್ತದೆಯೇ? ರಿಯಾಕ್ಷನ್ ತಡೆಯುವುದರ ಬಗ್ಗೆ? 2011ರಲ್ಲಿ ಪ್ರಕಟವಾದ ಶ್ರೀಲಂಕಾದ ದೊಡ್ಡ ಟ್ರಯಲ್ ಒಂದಿದೆ. ಮೊದಲೇ ಸಣ್ಣ ಡೋಸ್ ಅಡ್ರಿನಲಿನ್ ಕೊಟ್ಟರೆ ತೀವ್ರ ರಿಯಾಕ್ಷನ್ ಕಡಿಮೆ ಆಗುತ್ತದೆ, ಹೈಡ್ರೊಕಾರ್ಟಿಸೋನ್ ಮತ್ತು ಪ್ರೊಮೆಥಜಿನ್‌ನಿಂದ ಆ ಲಾಭ ಸಿಗಲಿಲ್ಲ ಎಂದು ಅದು ತೋರಿಸಿತು. ಇಂಥದ್ದನ್ನು ಬರೆಯಬೇಕಾದರೆ ಪ್ರತಿವಿಷದಿಂದ ಎಷ್ಟು ಜನಕ್ಕೆ ರಿಯಾಕ್ಷನ್ ಆಗುತ್ತದೆ ಎಂದು ಮೊದಲು ಹೇಳಬೇಕಾಗುತ್ತದೆ. ಕಂಪನಿಯವರು ಕೆಟ್ಟವರು ಎನ್ನುತ್ತಿಲ್ಲ. ಪ್ರತಿವಿಷ ಇಲ್ಲದೆ ನಮಗೆ ಗತಿ ಇಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತರು ಎನ್ನುವ ಅಂದಾಜಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ವಿಷಯ ಅಷ್ಟು ದೊಡ್ಡದು. ಅದಕ್ಕೇ ವಿಷಯಗಳ ಪಟ್ಟಿ ನಿಮ್ಮ ಕೈಯಲ್ಲೇ ತಯಾರಾಗಬೇಕು. ಕಂಪನಿಯ ಜೊತೆ ಮುಂದಿನ ಮಾತಿಗೆ ಕೂರುವ ಮೊದಲೇ ಪಟ್ಟಿ ಮಾಡಿ, ಸಮಿತಿಯ ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಈಗ ನಿಯಮಕ್ಕೆ ಬರೋಣ. ಪುರವಣಿಗೆ ಬೇರೆ ಕಾನೂನು, ಜರ್ನಲ್‌ಗೆ ಬೇರೆ ಕಾನೂನು ಅಂತ ಇಲ್ಲ. ಇಂಟರ್‌ನ್ಯಾಷನಲ್ ಕಮಿಟಿ ಆಫ್ ಮೆಡಿಕಲ್ ಜರ್ನಲ್ ಎಡಿಟರ್ಸ್ ಅಂದರೆ ಐಸಿಎಂಜೆಇ, 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಸಂಪಾದಕರಿಂದ ಶುರುವಾದ ಗುಂಪು. ಅವರ ಶಿಫಾರಸುಗಳಲ್ಲಿ ಪುರವಣಿಗೇ ಒಂದು ಭಾಗ ಇದೆ. ಅದರ ತಿರುಳು ಹೀಗಿದೆ: ಪುರವಣಿಯ ಪ್ರತಿಯೊಂದು ಭಾಗದ ಹೊಣೆ ಮೂಲ ಜರ್ನಲ್‌ನ ಸಂಪಾದಕರದ್ದು. ಯಾವುದೇ ಲೇಖನವನ್ನು ಹೊರಗಿನ ಪರಿಶೀಲನೆಗೆ ಕಳಿಸುವ ಅಧಿಕಾರ ಅವರದ್ದು, ಪರಿಶೀಲನೆ ಮಾಡಿಸಿ ಅಥವಾ ಮಾಡಿಸದೆ ತಿರಸ್ಕರಿಸುವ ಅಧಿಕಾರವೂ ಅವರದ್ದು. ಹಣ ಕೊಟ್ಟ ಸಂಸ್ಥೆ ಸಂಪಾದನೆ ಮಾಡುವ ಹಾಗಿಲ್ಲ. ಪುರವಣಿಯ ಯೋಚನೆ ಯಾರಿಂದ ಬಂತು, ಹಣ ಯಾರದ್ದು, ಆ ಹಣ ಕೊಟ್ಟವರು ಮಾರುವ ಯಾವ ಉತ್ಪನ್ನಗಳು ಇಲ್ಲಿನ ವಿಷಯಕ್ಕೆ ಸಂಬಂಧಪಟ್ಟಿವೆ ಎಂದು ಮೊದಲಲ್ಲೇ ಹೇಳಬೇಕು. ಸಂಪಾದಕರು ಪ್ರಾಯೋಜಕರಿಂದ ನೇರವಾಗಿ ಸಂಭಾವನೆ ಪಡೆಯಬಾರದು. ಜಾಹೀರಾತಿಗೆ ಜರ್ನಲ್‌ನಲ್ಲಿ ಯಾವ ನಿಯಮವೋ ಇಲ್ಲೂ ಅದೇ.

ಇದರಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು "ಬೇಡ" ಎನ್ನುವ ಅಧಿಕಾರ. ಅದು ಕಾಗದದ ಮೇಲೆ ಇದ್ದರೆ ಸಾಲದು, ಬಳಸುವ ಹಾಗಿರಬೇಕು. ಒಪ್ಪಂದದಲ್ಲಿ 64 ಪುಟ ಎಂದು ಬರೆದಿದ್ದರೆ ಏನಾಗುತ್ತದೆ ನೋಡಿ. ಹತ್ತು ಲೇಖನ ಬಂದವು, ನಾಲ್ಕು ಚೆನ್ನಾಗಿಲ್ಲ. ಅವನ್ನು ತೆಗೆದರೆ ಪುಟ 40ಕ್ಕೆ ಇಳಿಯುತ್ತದೆ, ಕಂಪನಿ ದುಡ್ಡು ಹಿಡಿಯುತ್ತದೆ, ಅಚ್ಚಿನವರ ಬಿಲ್ಲು ನಿಮ್ಮ ತಲೆಗೆ ಬರುತ್ತದೆ. ಆಗ ಯಾವ ಸಂಪಾದಕರಾದರೂ ಒಂದೆರಡು ಲೇಖನವನ್ನು ಕಣ್ಣು ಮುಚ್ಚಿ ಒಳಗೆ ಬಿಡುತ್ತಾರೆ. ಆದ್ದರಿಂದ ಪುಟಗಳ ಸಂಖ್ಯೆಗೂ ಹಣಕ್ಕೂ ಗಂಟು ಹಾಕಬೇಡಿ. ಪೂರ್ತಿ ಮೊತ್ತ ಮೊದಲೇ ನಿಮ್ಮ ಸಂಘದ ಖಾತೆಗೆ ಬರಲಿ. ಲೇಖನ ಎಷ್ಟೇ ಕಡಿಮೆಯಾದರೂ ಅದು ವಾಪಸ್ ಹೋಗುವುದಿಲ್ಲ ಎಂದು ಬರೆಸಿ. ಕೊನೆಗೆ ಒಂದೂ ಲೇಖನ ತೇರ್ಗಡೆ ಆಗದಿದ್ದರೆ ಪುರವಣಿಯೇ ಇಲ್ಲ, ಖರ್ಚಾಗದೆ ಉಳಿದದ್ದನ್ನು ಮಾತ್ರ ಹಿಂತಿರುಗಿಸುತ್ತೇವೆ ಎಂದೂ ಬರೆಸಿ. ಕಂಪನಿಗಳು ಇದಕ್ಕೆ "ಅನ್‌ರಿಸ್ಟ್ರಿಕ್ಟೆಡ್ ಎಜುಕೇಶನಲ್ ಗ್ರಾಂಟ್" (ಷರತ್ತಿಲ್ಲದ ಶೈಕ್ಷಣಿಕ ನೆರವು) ಎಂಬ ಹೆಸರು ಇಟ್ಟುಕೊಂಡಿವೆ. ಆ ಹೆಸರು ಕೇಳಿ ಸಮಾಧಾನಪಡಬೇಡಿ. ಒಳಗಿನ ಸಾಲುಗಳನ್ನು ಒಂದೊಂದಾಗಿ ಓದಿ. "ಪ್ರಕಟಣೆಗೆ ಮುಂಚೆ ಪ್ರಾಯೋಜಕರ ಅವಗಾಹನೆಗೆ" ಎಂಬ ಸಾಲು ಎಲ್ಲಾದರೂ ಇದ್ದರೆ ಹೊಡೆದುಹಾಕಿಸಿ. ಅಚ್ಚಾಗುವ ಮೊದಲು ಅವರು ಒಂದು ಪುಟವನ್ನೂ ನೋಡಬೇಕಾಗಿಲ್ಲ.

ಅತಿಥಿ ಸಂಪಾದಕರ ವಿಷಯ. ಕಂಪನಿ ಸೂಚಿಸುವವರು ಬಹುಶಃ ದೊಡ್ಡ ಊರಿನ ಹೆಸರುವಾಸಿ ವೈದ್ಯರೇ ಇರುತ್ತಾರೆ, ನಿಜಕ್ಕೂ ತಿಳಿದವರೂ ಇರಬಹುದು. ಆದರೂ ಆಯ್ಕೆ ನಿಮ್ಮದೇ ಆಗಿರಲಿ. ಅವರ ಸಂಭಾವನೆ, ಓಡಾಟದ ಖರ್ಚು ಏನಿದ್ದರೂ ಜರ್ನಲ್ ಖಾತೆಯಿಂದ ಹೋಗಲಿ, ಮೊತ್ತ ಎಷ್ಟೆಂದು ಲೆಕ್ಕದಲ್ಲಿ ಕಾಣಲಿ. ಕಳೆದ ಮೂರು ವರ್ಷದಲ್ಲಿ ಯಾವ ಕಂಪನಿಯಿಂದ ಭಾಷಣಕ್ಕೆ, ಸಲಹೆಗೆ, ಪ್ರವಾಸಕ್ಕೆ ಹಣ ಪಡೆದಿದ್ದಾರೆ ಎಂದು ಬರೆದುಕೊಡಲು ಕೇಳಿ. ಇದಕ್ಕೆ ಬೇಜಾರು ಮಾಡಿಕೊಳ್ಳುವವರು ಆ ಕೆಲಸಕ್ಕೆ ಬೇಡ. ಅತಿಥಿ ಸಂಪಾದಕರಿಗೆ ಕೀಲಿಕೈ ಕೊಟ್ಟು ಮೂಲ ಸಂಪಾದಕರು ಹೊರಗೆ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಹಿಂದಾವಿ ಪ್ರಕಾಶನದ ಕಥೆ ಕಣ್ಣ ಮುಂದಿದೆ. 2023ರ ಒಂದೇ ವರ್ಷದಲ್ಲಿ ಅವರ ಜರ್ನಲ್‌ಗಳ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೆಚ್ಚಿನವು ಅತಿಥಿ ಸಂಪಾದಕರು ನೋಡಿಕೊಂಡ ವಿಶೇಷ ಸಂಚಿಕೆಗಳವು. ಅಲ್ಲಿ ಔಷಧ ಕಂಪನಿಯ ಪ್ರಶ್ನೆ ಇರಲಿಲ್ಲ, ಖೋಟಾ ಲೇಖನಗಳ ದಂಧೆ ಇತ್ತು. ಆದರೆ ನುಗ್ಗಿದ ಬಾಗಿಲು ಅದೇ.

"ಬರೆಸಿಕೊಡುತ್ತೇವೆ" ಎನ್ನುವ ಮಾತಿನ ಮೇಲೆ ನನಗೆ ಜಾಸ್ತಿ ಸಿಟ್ಟಿದೆ. ಸೊರಬದಲ್ಲೋ ಹೊಸನಗರದಲ್ಲೋ ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ವೈದ್ಯರಿಗೆ ಬರೆಯಲು ಪುರುಸೊತ್ತು ಇಲ್ಲ, ನಿಜ. ಅದೇ ಕಾರಣಕ್ಕೆ ಅವರ ಹೆಸರಿಗೆ ಬೆಲೆ ಇದೆ. ಅವರ ಹೆಸರಿನಲ್ಲಿ ಬೇರೆ ಯಾರೋ ಬರೆದದ್ದನ್ನು ಅಚ್ಚು ಮಾಡಿದರೆ, ಓದುವ ಕಿರಿಯ ವೈದ್ಯರು ಅನುಭವದ ಮಾತು ಎಂದು ನಂಬುತ್ತಾರೆ. ಅಮೆರಿಕದಲ್ಲಿ ವೈತ್ ಕಂಪನಿಯ ಹಾರ್ಮೋನ್ ಮಾತ್ರೆಗಳ ವಿಷಯದಲ್ಲಿ ಇದೇ ಆಯಿತು. 1998ರಿಂದ 2005ರವರೆಗೆ 18 ಜರ್ನಲ್‌ಗಳಲ್ಲಿ ಬಂದ 26 ಲೇಖನಗಳ ಹಿಂದೆ ಕಂಪನಿ ಹಣ ಕೊಟ್ಟು ನೇಮಿಸಿಕೊಂಡ ಬರವಣಿಗೆ ಸಂಸ್ಥೆಗಳ ಕೈ ಇತ್ತು ಎನ್ನುವುದು ಕೋರ್ಟ್ ದಾಖಲೆಗಳಿಂದ 2009ರಲ್ಲಿ ಹೊರಬಂತು. ಲೇಖಕರೆಂದು ಇದ್ದದ್ದು ವೈದ್ಯರ ಹೆಸರು.

ಭಾಷೆ ತಿದ್ದಲು, ಕೋಷ್ಟಕ ಮಾಡಲು ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆ ಸಹಾಯಕರ ಹೆಸರು, ಅವರಿಗೆ ಹಣ ಕೊಟ್ಟವರ ಹೆಸರು ಲೇಖನದ ಕೆಳಗೆ ಇರಬೇಕು. ಲೇಖಕರು ಎನಿಸಿಕೊಳ್ಳಬೇಕಾದರೆ ಕೆಲಸದಲ್ಲಿ ನಿಜವಾದ ಪಾಲು ಇರಬೇಕು, ಕರಡು ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು, ಕೊನೆಯ ರೂಪಕ್ಕೆ ಒಪ್ಪಿರಬೇಕು, ಬರೆದದ್ದಕ್ಕೆಲ್ಲ ಹೊಣೆ ಹೊರಬೇಕು. ಈ ನಾಲ್ಕೂ ಇರಬೇಕು, ಒಂದೆರಡು ಇದ್ದರೆ ಸಾಲದು. ನಿಮ್ಮಲ್ಲಿ ಬರೆಯಲು ಸಮಯ ಇಲ್ಲದ ಹಿರಿಯರಿದ್ದರೆ ಒಬ್ಬ ಪಿಜಿ ವಿದ್ಯಾರ್ಥಿಯನ್ನು ಅವರ ಜೊತೆ ಕೂರಿಸಿ. ಹಿರಿಯರು ಹೇಳಲಿ, ಆ ಹುಡುಗ ಅಥವಾ ಹುಡುಗಿ ಹಳೆಯ ಕೇಸ್ ಶೀಟ್ ಹುಡುಕಿ ಬರೆಯಲಿ, ಇಬ್ಬರ ಹೆಸರೂ ಬರಲಿ. ನಿಧಾನ ಆಗುತ್ತದೆ. ಆದರೆ ಅದು ನಿಮ್ಮ ಜಿಲ್ಲೆಯ ಲೇಖನ ಆಗಿರುತ್ತದೆ.

ಸಾವಿರ ಪ್ರತಿಯ ಮಾತನ್ನು ನಿಮ್ಮ ಸಮಿತಿ ಹಗುರವಾಗಿ ತೆಗೆದುಕೊಂಡಿರಬಹುದು. ನನಗೆ ಅಚ್ಚಿನ ಖರ್ಚಿಗಿಂತ ಇದೇ ಹೆಚ್ಚು ಅಪಾಯ ಎನಿಸುತ್ತದೆ. ಅಚ್ಚಿನ ಖರ್ಚು ಎಲ್ಲರಿಗೂ ಕಾಣುತ್ತದೆ. ಕೊಳ್ಳುವ ಭರವಸೆ ಕಾಣುವುದಿಲ್ಲ. ಕಂಪನಿ ಪ್ರತಿ ಕೊಳ್ಳುವುದು ಎಂ.ಆರ್.ಗಳ, ಅಂದರೆ ವೈದ್ಯರ ಬಳಿ ಬರುವ ತಮ್ಮ ಮಾರಾಟ ಪ್ರತಿನಿಧಿಗಳ, ಬ್ಯಾಗಿಗೆ. ತಮ್ಮ ಮಾಲಿನ ಬಗ್ಗೆ ಒಳ್ಳೆಯದು ಇರುವ ಪ್ರತಿಯನ್ನು ಮಾತ್ರ ಅವರು ಹಂಚುತ್ತಾರೆ, ಅದು ವ್ಯಾಪಾರದ ಸಹಜ ರೀತಿ. ಹಾಗಾಗಿ "ಒಳ್ಳೆಯದು ಬರೆದರೆ ಸಾವಿರ ಪ್ರತಿ" ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಸಂಪಾದಕರ ಮನಸ್ಸಿನಲ್ಲಿ ಅದು ಕೂತಿರುತ್ತದೆ. ಪ್ರತಿಗಳ ದರಪಟ್ಟಿ ಎಲ್ಲರಿಗೂ ಒಂದೇ ಇರಲಿ. ಆರ್ಡರ್ ಏನಿದ್ದರೂ ಪುರವಣಿ ಹೊರಬಂದ ಮೇಲೆ. ಒಪ್ಪಂದದಲ್ಲಿ ಅದರ ಸುದ್ದಿಯೇ ಬೇಡ.

ಪೀರ್ ರಿವ್ಯೂಗೆ ಪ್ರತಿ ಲೇಖನಕ್ಕೂ ಹೊರಗಿನ ಇಬ್ಬರಾದರೂ ಇರಲಿ. ಸಣ್ಣ ಊರಿನಲ್ಲಿ ಇದು ಕಷ್ಟ. ಶಿವಮೊಗ್ಗದಲ್ಲಿ ಬರೆದವರು ಯಾರು ಎಂದು ಎರಡು ಪ್ಯಾರಾ ಓದಿದರೆ ಗೊತ್ತಾಗಿಬಿಡುತ್ತದೆ, ಅಲ್ವಾ? ಬರೆದವರೂ ಪರಿಶೀಲಿಸುವವರೂ ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಮದುವೆ ಮನೆಯಲ್ಲಿ ಸಿಗುವವರು. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಂಗಳೂರಿನ ಕಡೆಯವರನ್ನು ಕೇಳಿ. ಇದು ಪ್ರಾಯೋಜಿತ ಪುರವಣಿ, ಹಣ ಇಂಥವರದು ಎಂದು ಅವರಿಗೆ ಮೊದಲೇ ಹೇಳಿ. ವಿಷತಜ್ಞರು ಒಬ್ಬರು, ಹಳ್ಳಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಒಬ್ಬರು ಇದ್ದರೆ ಒಳ್ಳೆಯದು. ಡೋಸ್‌ನ ಲೆಕ್ಕದಲ್ಲಿ ಮೊದಲನೆಯವರು ತಪ್ಪು ಹಿಡಿಯುತ್ತಾರೆ. ರಾತ್ರಿ ಎರಡು ಗಂಟೆಗೆ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಈ ಸಲಹೆ ನಡೆಯುತ್ತದೆಯೇ ಎನ್ನುವುದು ಎರಡನೆಯವರಿಗೆ ಗೊತ್ತು.

ಇದಕ್ಕೆಲ್ಲ ಮೂರು ನಾಲ್ಕು ತಿಂಗಳು ಬೇಕು. ಮಳೆಗಾಲಕ್ಕೆ ಮುಂಚೆ ಬರಲಿ ಎನ್ನುವುದರಲ್ಲಿ ಅರ್ಥ ಇದೆ. ನಾಟಿ ಶುರುವಾದರೆ ಕಡಿತ ಜಾಸ್ತಿ. ಆದರೆ ಆ ಗಡುವಿಗಾಗಿ ರಿವ್ಯೂ ಬಿಡುವ ಹಾಗಿಲ್ಲ. ತುರ್ತಾಗಿ ಬೇಕಾದದ್ದು ಚಿಕಿತ್ಸೆಯ ಕ್ರಮ ತಿಳಿಸುವ ನಾಲ್ಕು ಪುಟ. ಅದನ್ನು ಸರ್ಕಾರದ ಮಾರ್ಗಸೂಚಿ ಆಧರಿಸಿ ನಿಮ್ಮ ಮಾಮೂಲಿ ಸಂಚಿಕೆಯಲ್ಲೇ, ಯಾರ ಹಣವೂ ಇಲ್ಲದೆ ಮೇ ತಿಂಗಳಲ್ಲಿ ಹಾಕಿ. ಪುರವಣಿ ಬಂದಾಗ ಬರಲಿ.

ಇದು ಪ್ರಾಯೋಜಿತ ಎಂದು ಓದುಗರಿಗೆ ಗುರುತು ಸಿಗುವಂತೆ ಮಾಡುವ ವಿಷಯ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ದೊಡ್ಡ ಗದ್ದಲ ಆಯಿತು. ಎಲ್ಸ್‌ವಿಯರ್ ಪ್ರಕಾಶನದ ಅಲ್ಲಿನ ಶಾಖೆ ಮೂಳೆ ಮತ್ತು ಕೀಲಿನ ಬಗ್ಗೆ ಜರ್ನಲ್ ಥರ ಕಾಣುವ ಪ್ರಕಟಣೆಯೊಂದನ್ನು ತಂದಿತ್ತು. ಹಣ ಮರ್ಕ್ ಕಂಪನಿಯದು. ಒಳಗೆ ಇದ್ದದ್ದು ಹೆಚ್ಚಾಗಿ ಮರ್ಕ್ ಔಷಧಗಳಿಗೆ ಅನುಕೂಲವಾದ ಹಳೆಯ ಲೇಖನಗಳ ಮರುಮುದ್ರಣ ಮತ್ತು ಸಾರಾಂಶ. ಹಣದ ಮೂಲವನ್ನು ಎಲ್ಲೂ ಹೇಳಿರಲಿಲ್ಲ. 2000ದಿಂದ 2005ರ ನಡುವೆ ಇಂಥ ಆರು ಪ್ರಕಟಣೆ ತಂದಿದ್ದೆವು ಎಂದು ಪ್ರಕಾಶನ ಸಂಸ್ಥೆ ಒಪ್ಪಿಕೊಂಡಿತು. ಮರ್ಕ್‌ನ ನೋವಿನ ಮಾತ್ರೆ ವಯಾಕ್ಸ್ ಹೃದಯಾಘಾತದ ಅಪಾಯದಿಂದ ಮಾರುಕಟ್ಟೆ ಬಿಟ್ಟದ್ದು 2004ರ ಸೆಪ್ಟೆಂಬರ್‌ನಲ್ಲಿ. ಅದರ ಮೊಕದ್ದಮೆಯ ವಿಚಾರಣೆಯಲ್ಲೇ ಈ ವಿಷಯವೂ ಬಯಲಾಯಿತು.

ನಿಮ್ಮಲ್ಲಿ ಮುಖಪುಟದ ಮೇಲೆ "ಪ್ರಾಯೋಜಿತ ಪುರವಣಿ" ಎಂದು ದೊಡ್ಡದಾಗಿ ಇರಲಿ. ಪುಟ ಸಂಖ್ಯೆ ಬೇರೆಯೇ ಇರಲಿ, ಎಸ್1, ಎಸ್2 ಎಂದು ಹಾಕುವ ರೂಢಿ ಇದೆ. ಹಣದ ಮೂಲವನ್ನು ಪೀಠಿಕೆಯಲ್ಲಿ ಮಾತ್ರ ಹೇಳಿ ಮುಗಿಸಬೇಡಿ, ಪ್ರತಿ ಲೇಖನದ ಮೊದಲ ಪುಟದಲ್ಲೂ ಹಾಕಿ. ಈಗ ಯಾರೂ ಇಡೀ ಪುರವಣಿ ಓದುವುದಿಲ್ಲ. ಒಂದು ಲೇಖನದ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ತಾಲೂಕಿನಿಂದ ತಾಲೂಕಿಗೆ ಹೋಗುತ್ತದೆ, ಪೀಠಿಕೆ ಅದರ ಜೊತೆ ಹೋಗುವುದಿಲ್ಲ. ಪ್ರತಿವಿಷದ ಲೇಖನದ ಎದುರು ಪುಟದಲ್ಲೇ ಅದೇ ಪ್ರತಿವಿಷದ ಜಾಹೀರಾತು ಬೇಡ. ಲೇಖನದೊಳಗೆ ಬ್ರ್ಯಾಂಡ್ ಹೆಸರೂ ಬೇಡ.

ಕಾನೂನಿನ ಕಡೆಯಿಂದ ಎರಡು ಮೂರು ಮಾತು. 2002ರ ವೈದ್ಯಕೀಯ ನೀತಿ ನಿಯಮಗಳಿಗೆ 2009ರ ಡಿಸೆಂಬರ್‌ನಲ್ಲಿ ಒಂದು ಭಾಗ ಸೇರಿತು. ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಪಡೆಯುವುದನ್ನು ಅದು ತಡೆಯುತ್ತದೆ. ಸಂಪಾದಕರಾದ ಮಾತ್ರಕ್ಕೆ ನೀವು ಅದರಿಂದ ಹೊರಗಿಲ್ಲ. ಕಂಪನಿಗಳಿಗೆ 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರಾಟ ಪದ್ಧತಿಗಳ ಏಕರೂಪ ಸಂಹಿತೆ ಇದೆ. ಕಂಪನಿಯ ಹಣದಲ್ಲಿ ಜರ್ನಲ್‌ನಲ್ಲಿ ಬರುವ ಪ್ರಚಾರ ಸಾಮಗ್ರಿ ಸಂಪಾದಕೀಯ ಬರಹದ ಹಾಗೆ ಕಾಣಬಾರದು ಎಂದು ಈ ಸಂಹಿತೆ ಹೇಳುತ್ತದೆ. ಅವರು ಬರೆಸಿ ನೀವು ಅಚ್ಚು ಮಾಡಿದರೆ ಇದನ್ನೇ ಮುರಿದಂತೆ ಆಗುತ್ತದೆ. ಮುಂದೆ ಯಾವಾಗಲಾದರೂ ಮಕ್ಕಳ ಆಹಾರದ ಕಂಪನಿ ಶಿಶು ಆರೋಗ್ಯದ ಪುರವಣಿಗೆ ಹಣ ಕೊಡುತ್ತೇನೆ ಎಂದರೆ ಮಾತುಕತೆಯೇ ಬೇಡ. 1992ರ ಶಿಶು ಹಾಲಿನ ಬದಲಿ ಆಹಾರಗಳ ಕಾಯ್ದೆ, 2003ರ ತಿದ್ದುಪಡಿಯ ನಂತರ, ವೈದ್ಯರ ಸಂಘಗಳಿಗೆ ಅಂಥ ಕಂಪನಿಗಳು ಸೆಮಿನಾರ್, ಸಂಶೋಧನೆ, ಪ್ರಾಯೋಜನೆ ಯಾವುದಕ್ಕೂ ಹಣ ಕೊಡುವುದನ್ನು ನಿಷೇಧಿಸಿದೆ. ತೆರಿಗೆಯಲ್ಲಿ ಜಾಹೀರಾತಿನ ಹಣ, ಪ್ರಾಯೋಜನೆಯ ಹಣ, ದಾನ ಬೇರೆಬೇರೆ. ರಸೀದಿ ಬರೆಯುವ ಮೊದಲು ನಿಮ್ಮ ಆಡಿಟರ್ ಹತ್ತಿರ ಮಾತಾಡಿ.

ನಮ್ಮ ಕಡೆಗೆ ಇನ್ನೊಂದು ಸೂಕ್ಷ್ಮ ಇದೆ, ಯಾರೂ ಅದನ್ನು ಬರೆಯುವುದಿಲ್ಲ. ನಾಳೆ ಬಾಯಿ ಕ್ಯಾನ್ಸರ್ ಬಗ್ಗೆ ಪುರವಣಿ ತಂದಿರಿ ಎಂದಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಣ ಅಡಿಕೆ ವ್ಯಾಪಾರದ ಕಡೆಯಿಂದ ಬಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಆದರೆ ಬರೆಯುವ ವೈದ್ಯರದೇ ಐದು ಎಕರೆ ಅಡಿಕೆ ತೋಟ ಇದ್ದರೆ? ಸಾಗರ, ತೀರ್ಥಹಳ್ಳಿಯಲ್ಲಿ ಅದಿಲ್ಲದ ಮನೆ ಹುಡುಕಬೇಕು. ಅದು ನಾಚಿಕೆಯ ವಿಷಯ ಅಲ್ಲ, ಬರೆಯುವುದಕ್ಕೆ ಅಡ್ಡಿಯೂ ಅಲ್ಲ. "ಲೇಖಕರ ಕುಟುಂಬಕ್ಕೆ ಅಡಿಕೆ ತೋಟ ಇದೆ" ಎಂದು ಲೇಖನದ ಕೆಳಗೆ ಒಂದು ಸಾಲು ಹಾಕಿದರೆ ಮುಗಿಯಿತು. ಹಿತಾಸಕ್ತಿಯ ಘೋಷಣೆ ಔಷಧ ಕಂಪನಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ನಿಮ್ಮ ಫಾರ್ಮ್‌ನಲ್ಲೇ ಸ್ಪಷ್ಟ ಮಾಡಿ.

ಇನ್ನೂ ಒಂದು ಮಾತು ನಿಮ್ಮ ಸಮಿತಿ ಯೋಚಿಸಬೇಕಾದದ್ದು. ಪುರವಣಿಯ ವಿಷಯವನ್ನು ಹಣ ಕೊಡುವವರು ಆರಿಸಿದರೆ, ಮಾರಲು ಏನೂ ಇಲ್ಲದ ಕಾಯಿಲೆಗೆ ಪುರವಣಿ ಬರುವುದೇ ಇಲ್ಲ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿಗೆ ಆ ಕಾಯಿಲೆ ಗೊತ್ತಿರುವುದೇ ಆ ಕಾಡಿನ ಹೆಸರಿನಿಂದ. 2019ರಲ್ಲಿ ನಿಮ್ಮದೇ ತಾಲೂಕಿನ ಅರಳಗೋಡು ಸುತ್ತ ಅದು ಎಷ್ಟು ಜನರನ್ನು ಕಾಡಿತು ಎನ್ನುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ ಅಂತ ಮದ್ದಿಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯೂ ಈಗ ಬಳಕೆಯಲ್ಲಿಲ್ಲ. ಅದರ ಪುರವಣಿಗೆ ದುಡ್ಡು ಹಿಡಿದು ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಈ ಪ್ರತಿವಿಷದ ಪುರವಣಿ ನಿಮ್ಮ ಷರತ್ತಿನಲ್ಲಿ ನಡೆದು ಜಾಹೀರಾತಿನಿಂದ ಏನಾದರೂ ಉಳಿದರೆ, ಆ ಹಣವನ್ನು ಮಂಗನ ಕಾಯಿಲೆಯ ಸಂಚಿಕೆಗೆ ಎತ್ತಿಡಿ.

ಕಂಪನಿಗೆ ಈಗ ಒಂದು ಕಾಗದ ಬರೆಯಿರಿ. ಉದ್ದ ಬೇಡ. "ನಿಮ್ಮ ನೆರವಿನ ಪ್ರಸ್ತಾಪಕ್ಕೆ ಧನ್ಯವಾದ. ಪುರವಣಿಯ ವಿಷಯ, ಅತಿಥಿ ಸಂಪಾದಕರು, ಲೇಖಕರು, ಪರಿಶೀಲಕರನ್ನು ಜರ್ನಲ್ ಆರಿಸುತ್ತದೆ. ಯಾವುದೇ ಲೇಖನವನ್ನು ತಿರಸ್ಕರಿಸುವ ಹಕ್ಕು ಸಂಪಾದಕರದು. ಪ್ರಕಟಣೆಗೆ ಮುಂಚೆ ಲೇಖನಗಳನ್ನು ಪ್ರಾಯೋಜಕರಿಗೆ ತೋರಿಸುವುದಿಲ್ಲ. ನಿಮ್ಮ ನೆರವನ್ನು ಮುಖಪುಟದಲ್ಲೂ ಪ್ರತಿ ಲೇಖನದಲ್ಲೂ ತಿಳಿಸುತ್ತೇವೆ. ಈ ಷರತ್ತುಗಳಿಗೆ ಒಪ್ಪಿಗೆಯಿದ್ದರೆ ಲಿಖಿತವಾಗಿ ತಿಳಿಸಿ" ಎಂದಷ್ಟೇ ಇರಲಿ. ಫೋನಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಒಪ್ಪದಿದ್ದರೆ ಕೈಚೆಲ್ಲಬೇಡಿ. 64 ಪುಟದ ಬದಲು 24 ಪುಟದ ವಿಶೇಷ ಭಾಗವನ್ನು ನಿಮ್ಮ ಸಂಚಿಕೆಯಲ್ಲೇ ತನ್ನಿ, ಅಚ್ಚಿಗೆ ಹಣ ಸಾಲದಿದ್ದರೆ ಪಿಡಿಎಫ್ ಮಾತ್ರ ಸಾಕು. ತೀರ್ಥಹಳ್ಳಿ, ಹೊಸನಗರ, ಸೊರಬ, ಶೃಂಗೇರಿ, ಕೊಪ್ಪದ ವೈದ್ಯರಿಗೆ ಈಗಲೇ ಒಂದು ಫಾರ್ಮ್ ಕಳಿಸಿ. ಯಾವ ಹಾವು, ಗೊತ್ತಾದದ್ದು ಹೇಗೆ, ಕಡಿದು ಎಷ್ಟು ಹೊತ್ತಿಗೆ ಬಂದರು, ದಾರಿಯಲ್ಲಿ ಬಟ್ಟೆ ಬಿಗಿದಿದ್ದರೇ, ನಾಟಿ ಮದ್ದು ಮಾಡಿದ್ದರೇ, ಎಷ್ಟು ವಯಲ್ ಕೊಟ್ಟಿರಿ, ರಿಯಾಕ್ಷನ್ ಆಯಿತೇ, ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಕಳಿಸಬೇಕಾಯಿತೇ, ಕೊನೆಗೆ ಏನಾಯಿತು. ಇಷ್ಟು ಸಾಕು. ರೋಗಿಯ ಹೆಸರು ಬೇಡ, ಗಾಯದ ಫೋಟೋ ಇದ್ದರೆ ಅವರ ಲಿಖಿತ ಒಪ್ಪಿಗೆ ಬೇಕು, ಎಥಿಕ್ಸ್ ಕಮಿಟಿಯ ಅನುಮತಿಯನ್ನು ಫಾರ್ಮ್ ಕಳಿಸುವ ಮೊದಲೇ ಪಡೆದುಕೊಳ್ಳಿ. ಮಲೆನಾಡಿನ ಗುಳಿಮಂಡಲ ಕಡಿತದ ಇಂಥ ಪಟ್ಟಿ ಸರಿಯಾಗಿ ಸಿಕ್ಕರೆ ಅದನ್ನು ದೊಡ್ಡ ಜರ್ನಲ್‌ಗಳೂ ಕೇಳಿ ಓದುತ್ತವೆ. ಫಾರ್ಮ್‌ನ ಕರಡು ಮಾಡಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ನೋಡಿ ಹೇಳುತ್ತೇನೆ.